ವಾಣಿಜ್ಯ ವಿಮಾನ ಪೈಲಟ್ ವೃತ್ತಿ: ಬ್ರಹ್ಮಾವರ, ಕುಂದಾಪುರ ಮತ್ತು ಬೈಂದೂರು ತಾಲ್ಲೂಕುಗಳ ಯುವತಿಯರಿಗೆ ಹಾಗೂ ಪೋಷಕರಿಗೆ ಮಾಹಿತಿ

ಪ್ರಸ್ತಾವನೆ

ಉಡುಪಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಾಗಲಿ ಹಾರಾಟ ತರಬೇತಿ ಸಂಸ್ಥೆಯಾಗಲಿ ಇರುವುದಿಲ್ಲ. ಹತ್ತಿರದ ನಿಲ್ದಾಣವಾದ ಮಂಗಳೂರು 1951ರಲ್ಲಿ ಕಾರ್ಯಾರಂಭ ಮಾಡಿದ್ದು, ಕರಾವಳಿಯ ಜನರು ಉದ್ಯೋಗ ನಿಮಿತ್ತ ಕೊಲ್ಲಿ ರಾಷ್ಟ್ರಗಳಿಗೆ ತೆರಳುವುದು ಹೆಚ್ಚಾಗಿ ಅಲ್ಲಿಂದಲೇ. ವಿಮಾನದಲ್ಲಿ ಪ್ರಯಾಣಿಸಿದವರು ಇಲ್ಲಿ ಮನೆಮನೆಯಲ್ಲಿಯೂ ಸಿಗುತ್ತಾರೆ. ಆದರೆ ವಿಮಾನ ನಡೆಸುವ ವೃತ್ತಿಗೆ ಸೇರುವ ಬಗೆ ಹೇಗೆಂಬುದನ್ನು ತಿಳಿದವರು ಕಡಿಮೆ. ಪಿಯುಸಿ ಮುಗಿಸಿದ ಅಥವಾ ಮುಗಿಸಲಿರುವ ಯುವತಿಯರು ಮತ್ತು ಅವರ ಪೋಷಕರು ಹಣ ಪಾವತಿಸುವ ಮುನ್ನ ಅರಿತಿರಬೇಕಾದ ವಿಷಯಗಳನ್ನು ಈ ಪುಟದಲ್ಲಿ ಒದಗಿಸಲಾಗಿದೆ.

ಮಹಿಳಾ ಪೈಲಟ್‌ಗಳು: ಹಿನ್ನೆಲೆ

ಈ ವೃತ್ತಿ ಮಹಿಳೆಯರಿಗೆ ಹೊಸದೆಂಬ ಭಾವನೆ ಸರಿಯಲ್ಲ. ಸರಳಾ ಠಕ್ರಾಲ್ ಅವರು 1936ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಜಿಪ್ಸಿ ಮಾತ್ ವಿಮಾನವನ್ನು ಏಕಾಂಗಿಯಾಗಿ ಹಾರಿಸಿದರು. ಪ್ರೇಮ್ ಮಾಥುರ್ ಅವರು ಹೈದರಾಬಾದಿನ ಡೆಕ್ಕನ್ ಏರ್‌ವೇಸ್‌ನಲ್ಲಿಯೂ, ದುರ್ಬಾ ಬ್ಯಾನರ್ಜಿ ಅವರು 1966ರಿಂದ ಇಂಡಿಯನ್ ಏರ್‌ಲೈನ್ಸ್‌ನಲ್ಲಿಯೂ ಪೈಲಟ್ ಆಗಿ ಸೇವೆ ಸಲ್ಲಿಸಿದರು. ಕರ್ನಾಟಕದ ಮಟ್ಟಿಗೆ ಮೊದಲು ನೆನೆಯಬೇಕಾದವರು ಉಷಾ ಸುಂದರಂ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಪ್ರಾರಂಭವಾದ ಕಾಲದಲ್ಲಿಯೇ, 1949ರಲ್ಲಿ, ಅವರು ಅಲ್ಲಿ ತರಬೇತಿ ಪಡೆದರು. ಮೈಸೂರು ಮಹಾರಾಜರ ಪೈಲಟ್ ಆಗಿದ್ದ ಪತಿ ಕ್ಯಾಪ್ಟನ್ ವಿ. ಸುಂದರಂ ಅವರೊಂದಿಗೆ ಡಕೋಟಾ ವಿಮಾನದಲ್ಲಿ ಸಹಪೈಲಟ್ ಆಗಿ ಕಾರ್ಯನಿರ್ವಹಿಸಿದರು. 1950ರ ದಶಕದ ಆರಂಭದಲ್ಲಿ ಈ ದಂಪತಿ ಡಿ ಹ್ಯಾವಿಲ್ಯಾಂಡ್ ಡವ್ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದರು. ಆ ಜಕ್ಕೂರು ಶಾಲೆ ಇಂದಿಗೂ ರಾಜ್ಯ ಸರ್ಕಾರದ ಸಂಸ್ಥೆಯಾಗಿರುವುದು ಗಮನಾರ್ಹ.

2021ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾ ವಿಮಾನದ ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರೇ. ನೇತೃತ್ವ ವಹಿಸಿದ್ದವರು ಕ್ಯಾಪ್ಟನ್ ಜೋಯಾ ಅಗರ್ವಾಲ್. ಭಾರತದ ಪೈಲಟ್‌ಗಳಲ್ಲಿ ಸುಮಾರು ಶೇ. 15ರಷ್ಟು ಮಹಿಳೆಯರಿರುವುದಾಗಿ 2022ರಲ್ಲಿ ಕೇಂದ್ರ ಸರ್ಕಾರವು ತಿಳಿಸಿದ್ದು, ವಿಶ್ವದ ಸರಾಸರಿ ಸುಮಾರು ಶೇ. 5 ಆಗಿತ್ತು.

ವಿದ್ಯಾರ್ಹತೆ

ಪರವಾನಗಿ ನೀಡುವ ಪ್ರಾಧಿಕಾರವು ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ವಿದ್ಯಾರ್ಥಿ ಪೈಲಟ್ ಪರವಾನಗಿಗೆ 16 ವರ್ಷ ತುಂಬಿ 10ನೆಯ ತರಗತಿ ತೇರ್ಗಡೆಯಾಗಿದ್ದರೆ ಸಾಕು. ಸಂಬಳ ಪಡೆದು ವಿಮಾನ ನಡೆಸಲು ಬೇಕಾದ ವಾಣಿಜ್ಯ ಪೈಲಟ್ ಪರವಾನಗಿಗೆ, ಅಂದರೆ ಸಿಪಿಎಲ್‌ಗೆ, 18 ವರ್ಷ ತುಂಬಿರಬೇಕು ಮತ್ತು ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಹಾಗೂ ಗಣಿತ ವಿಷಯಗಳಲ್ಲಿ ತೇರ್ಗಡೆಯಾಗಿರಬೇಕು. ಪದವಿ ಕಡ್ಡಾಯವಲ್ಲ. ಪಿ.ಸಿ.ಎಂ.ಬಿ. ಅಥವಾ ಪಿ.ಸಿ.ಎಂ.ಸಿ. ಸಂಯೋಜನೆ ತೆಗೆದುಕೊಂಡವರಿಗೆ ತೊಡಕಿಲ್ಲ.

ವಾಣಿಜ್ಯ ವಿಭಾಗದಲ್ಲಿ ಓದಿದವರಿಗೆ ಬಾಗಿಲು ಮುಚ್ಚಿದೆ ಎಂದು ಭಾವಿಸಬೇಕಾಗಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಭೌತಶಾಸ್ತ್ರ ಮತ್ತು ಗಣಿತ ಎರಡೇ ವಿಷಯಗಳನ್ನು 12ನೆಯ ತರಗತಿ ಮಟ್ಟದಲ್ಲಿ ಬರೆದು ತೇರ್ಗಡೆಯಾದವರೂ ಅರ್ಹರಾಗುತ್ತಾರೆ. ವಿಜ್ಞಾನ ವಿಷಯಗಳ ಈ ಷರತ್ತನ್ನೇ ತೆಗೆದುಹಾಕುವ ಪ್ರಸ್ತಾವ 2025ರಲ್ಲಿ ಚರ್ಚೆಗೆ ಬಂದಿತ್ತು. ಅಧಿಸೂಚನೆಯನ್ನು ಕಣ್ಣಾರೆ ಓದದೆ, ಏಜೆಂಟರ ಮಾತಿನ ಮೇಲೆ ನಿಯಮ ಬದಲಾಗಿದೆಯೆಂದು ತಿಳಿಯತಕ್ಕದ್ದಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನ ಬಗ್ಗೆ ವಿಶೇಷ ಗಮನ ಹರಿಸಬೇಕು. ನಿಯಂತ್ರಣ ಗೋಪುರದೊಂದಿಗಿನ ಸಂಭಾಷಣೆಗೆ ಅಂತರರಾಷ್ಟ್ರೀಯ ಮಾನದಂಡದ 4ನೆಯ ಹಂತದ ಇಂಗ್ಲಿಷ್ ಪ್ರಾವೀಣ್ಯ ಅಗತ್ಯ. ಅಲ್ಲಿ ಪರೀಕ್ಷಿಸುವುದು ಮಾತಿನ ಸ್ಪಷ್ಟತೆ ಮತ್ತು ಗ್ರಹಿಕೆಯನ್ನೇ ಹೊರತು ಪಟ್ಟಣದ ಉಚ್ಚಾರಣೆಯನ್ನಲ್ಲ. ಎರಡು ವರ್ಷಗಳ ಅಭ್ಯಾಸದಿಂದ ಸಾಧಿಸಬಹುದಾದ ಗುರಿಯಿದು.

ದಾಖಲೆಗಳಲ್ಲಿ ಹೆಸರು

ಬಹಳಷ್ಟು ವಿಳಂಬಕ್ಕೆ ಕಾರಣವಾಗುವುದು ಪರೀಕ್ಷೆಯಲ್ಲ, ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ಶೆಟ್ಟಿ, ಪೂಜಾರಿ ಅಥವಾ ಡಿಸೋಜ ಎಂಬ ಕುಲನಾಮ, ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ಣ ಹೆಸರು ಹೀಗೆ ಮೂರು ಬಗೆಯಾಗಿರುವುದು ಈ ಭಾಗದಲ್ಲಿ ಸಾಮಾನ್ಯ. ಡಿಜಿಸಿಎ ಪರೀಕ್ಷೆ ಬರೆಯಲು ಬೇಕಾದ ಕಂಪ್ಯೂಟರ್ ಸಂಖ್ಯೆ ನೀಡುವಾಗ ಅಂಕಪಟ್ಟಿಯ ನೈಜತೆಯ ಬಗ್ಗೆ ಪರೀಕ್ಷಾ ಮಂಡಳಿಯ ದೃಢೀಕರಣವನ್ನು ಕೇಳಲಾಗುತ್ತದೆ. ಆದುದರಿಂದ ಪಿಯುಸಿ ಅವಧಿಯಲ್ಲಿಯೇ ಎಲ್ಲ ದಾಖಲೆಗಳನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಹೊಂದಿಸಿಕೊಳ್ಳುವುದು ಸೂಕ್ತ. ತರಬೇತಿಯ ನಡುವೆ ವಿವಾಹವಾಗಿ ಹೆಸರು ಬದಲಿಸಿದಲ್ಲಿ ಇಡೀ ಪ್ರಕ್ರಿಯೆ ಮರುಕಳಿಸುವುದರಿಂದ, ಪರವಾನಗಿ ಕೈಸೇರುವವರೆಗೆ ಹೆಸರನ್ನು ಹಾಗೆಯೇ ಉಳಿಸಿಕೊಳ್ಳುವುದು ಒಳಿತು.

ವೈದ್ಯಕೀಯ ಪರೀಕ್ಷೆ: ಮೊದಲು ಇದು, ನಂತರ ಶುಲ್ಕ

ಮೊದಲಿಗೆ ದ್ವಿತೀಯ ದರ್ಜೆಯ ವೈದ್ಯಕೀಯ ಪರೀಕ್ಷೆ, ನಂತರ ಸಿಪಿಎಲ್‌ಗೆ ಕಡ್ಡಾಯವಾದ ಪ್ರಥಮ ದರ್ಜೆಯ ಪರೀಕ್ಷೆ ಎಂಬ ಕ್ರಮವಿದೆ. ಬೆಂಗಳೂರಿನ ವಿಮಾನಪುರದಲ್ಲಿರುವ ಭಾರತೀಯ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯು ಪ್ರಥಮ ದರ್ಜೆ ಪರೀಕ್ಷೆ ನಡೆಸುವ ಕೇಂದ್ರಗಳಲ್ಲೊಂದು. ಕಣ್ಣು, ಕಿವಿ, ಹೃದಯ, ರಕ್ತ ಪರೀಕ್ಷೆಗಳ ಜೊತೆಗೆ ಮಹಿಳೆಯರಿಗೆ ಸ್ತ್ರೀರೋಗ ತಪಾಸಣೆಯೂ ಹೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆಯೂ ಇರುತ್ತವೆ.

ಕನ್ನಡಕ ಹಾಕುವವರು ಪೈಲಟ್ ಆಗಲಾರರು ಎಂಬ ಮಾತು ನಾಗರಿಕ ವಿಮಾನಯಾನಕ್ಕೆ ಅನ್ವಯಿಸುವುದಿಲ್ಲ. ನಿಗದಿತ ಮಿತಿಯೊಳಗೆ ಕನ್ನಡಕದಿಂದ ದೃಷ್ಟಿ ಸರಿಹೋಗುವುದಾದರೆ ಅನುಮತಿ ಇದೆ. ಆದರೆ ಬಣ್ಣಗಳನ್ನು ಗುರುತಿಸುವ ಶಕ್ತಿಯಲ್ಲಿ ದೋಷವಿದ್ದಲ್ಲಿ ಅದು ಚಿಕಿತ್ಸೆಗೆ ಒಳಪಡುವಂಥದ್ದಲ್ಲ. ರಕ್ತಹೀನತೆಯಂತಹ ಕಾರಣಕ್ಕೆ ತಾತ್ಕಾಲಿಕವಾಗಿ ಅನರ್ಹರೆಂದು ಘೋಷಿತರಾದವರು ಚಿಕಿತ್ಸೆ ಪಡೆದು ಪುನಃ ಹಾಜರಾಗಬಹುದು. ‘ತಾತ್ಕಾಲಿಕ’ ಎಂಬ ಪದವನ್ನು ಓದದೆ ಕನಸನ್ನೇ ಕೈಬಿಡುವುದು ಬೇಡ. ಲಕ್ಷಾಂತರ ರೂಪಾಯಿ ಕಟ್ಟಿದ ಮೇಲೆ ಕಾಯಂ ಅನರ್ಹತೆ ತಿಳಿದುಬಂದರೆ ಹಣ ಮರಳುವ ಖಾತರಿ ಇಲ್ಲ. ಆದ್ದರಿಂದ ಪ್ರಥಮ ದರ್ಜೆಯ ಪ್ರಮಾಣಪತ್ರ ಕೈಗೆ ಬರುವವರೆಗೆ ಯಾವುದೇ ತರಬೇತಿ ಸಂಸ್ಥೆಗೆ ಪೂರ್ಣ ಶುಲ್ಕ ಪಾವತಿಸಬಾರದು.

ಪರೀಕ್ಷೆ ಮತ್ತು ಹಾರಾಟ

ಏರ್ ನ್ಯಾವಿಗೇಷನ್, ವಿಮಾನಯಾನ ಹವಾಮಾನಶಾಸ್ತ್ರ, ಏರ್ ರೆಗ್ಯುಲೇಷನ್ ಮತ್ತು ಎರಡು ಟೆಕ್ನಿಕಲ್ ಪತ್ರಿಕೆಗಳು ಇದ್ದು, ತೇರ್ಗಡೆಗೆ ಶೇ. 70 ಅಂಕ ಬೇಕು. ಇವುಗಳಲ್ಲದೆ ರೇಡಿಯೋ ಸಂವಹನದ ಪರೀಕ್ಷೆಯಿದೆ. ಇದನ್ನು ಹಿಂದೆ ದೂರಸಂಪರ್ಕ ಇಲಾಖೆ ನಡೆಸುತ್ತಿದ್ದು, ಭಾರತೀಯ ವಾಯುಯಾನ ಅಧಿನಿಯಮ 2024ರ ಮೇರೆಗೆ ಅಧಿಕಾರವು ಡಿಜಿಸಿಎಗೆ ವರ್ಗಾವಣೆಯಾಗಿದೆ. ಮನೆಯಲ್ಲಿದ್ದುಕೊಂಡೇ ಓದಿ ಮುಖ್ಯ ಪತ್ರಿಕೆಗಳನ್ನು ಮುಗಿಸಿ ನಂತರ ಹಾರಾಟಕ್ಕೆ ಸೇರುವವರಿಗೆ ವೆಚ್ಚವೂ ಕಾಲವೂ ಉಳಿಯುತ್ತವೆ.

ಸಿಪಿಎಲ್‌ಗೆ ಒಟ್ಟು 200 ಗಂಟೆಗಳ ಹಾರಾಟ ಅಗತ್ಯವಿದ್ದು, ಅದರಲ್ಲಿ 100 ಗಂಟೆ ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ ನಡೆಸಿರಬೇಕು. ದೂರ ಹಾರಾಟ, ರಾತ್ರಿ ಹಾರಾಟ, ಉಪಕರಣಗಳನ್ನೇ ಆಧರಿಸಿದ ಹಾರಾಟ ಇವೆಲ್ಲಕ್ಕೂ ಪ್ರತ್ಯೇಕ ಗಂಟೆಗಳಿವೆ. ಕಾಗದದ ಮೇಲೆ ಇದು ಒಂದೂವರೆ ವರ್ಷದ ಕೆಲಸ. ಮಳೆ, ಮಂಜು, ದುರಸ್ತಿಗೆ ನಿಂತ ವಿಮಾನಗಳು, ಬೋಧಕರ ಕೊರತೆ ಇವುಗಳಿಂದ ಎರಡು ವರ್ಷ ಮೀರುವುದೂ ಉಂಟು. ಆ ಹೆಚ್ಚಿನ ಅವಧಿಯ ವಸತಿ ಮತ್ತು ಬಡ್ಡಿ ಅಭ್ಯರ್ಥಿಯ ಮೇಲೆಯೇ ಬೀಳುತ್ತದೆ. ಮುಂದೆ ಕ್ಯಾಪ್ಟನ್ ಹುದ್ದೆಗೆ ಬೇಕಾದ ಪರವಾನಗಿಗೆ 21 ವರ್ಷ ವಯಸ್ಸು ಮತ್ತು 1,500 ಗಂಟೆಗಳ ಅನುಭವ ಅಗತ್ಯ. 2023ರ ತಿದ್ದುಪಡಿಯಂತೆ ಈ ಎರಡೂ ಪರವಾನಗಿಗಳ ಅವಧಿ 10 ವರ್ಷ.

ತರಬೇತಿ ಸಂಸ್ಥೆಗಳ ಆಯ್ಕೆ

ಜಕ್ಕೂರಿನ ಸರ್ಕಾರಿ ಶಾಲೆಯು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದಲ್ಲಿದೆ. ಹಿಂದೆ ಹಲವು ವರ್ಷ ಅಲ್ಲಿ ಹಾರಾಟ ತರಬೇತಿ ಸ್ಥಗಿತಗೊಂಡಿದ್ದುದುಂಟು. ಅರ್ಜಿ ಸಲ್ಲಿಸುವವರು ಹಾರಾಟಕ್ಕೆ ಸಿದ್ಧವಿರುವ ವಿಮಾನಗಳೆಷ್ಟು, ಬೋಧಕರೆಷ್ಟು ಎಂಬುದನ್ನು ಖುದ್ದಾಗಿ ವಿಚಾರಿಸಬೇಕು. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಬೆಳಗಾವಿ ಮತ್ತು ಕಲಬುರಗಿ ನಿಲ್ದಾಣಗಳಲ್ಲಿ ತಲಾ ಎರಡು ತರಬೇತಿ ಸಂಸ್ಥೆಗಳಿಗೆ ಅವಕಾಶ ಮಂಜೂರು ಮಾಡಿತು. ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿದ್ದು, ಅಖಿಲ ಭಾರತ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತದೆ.

2025ರಿಂದ ಡಿಜಿಸಿಎ ತರಬೇತಿ ಸಂಸ್ಥೆಗಳ ಶ್ರೇಣಿಯನ್ನು ಪ್ರಕಟಿಸುತ್ತಿದೆ. ಜಾಹೀರಾತಿಗಿಂತ ಇದನ್ನು ನೋಡುವುದು ಮೇಲು. ಸಂಸ್ಥೆಗೆ ಭೇಟಿ ನೀಡಿದಾಗ ಕಚೇರಿಯಲ್ಲಿ ಕುಳಿತವರನ್ನಲ್ಲ, ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿನಿಯರನ್ನು ಕೇಳಬೇಕು: ಕಳೆದ ತಿಂಗಳು ಎಷ್ಟು ಗಂಟೆ ಹಾರಾಟ ಸಿಕ್ಕಿತು? ವಿದೇಶದಲ್ಲಿ ತರಬೇತಿ ಪಡೆದವರು ಹಿಂದಿರುಗಿ ಡಿಜಿಸಿಎ ಪರೀಕ್ಷೆಗಳನ್ನೂ ಕೌಶಲ ಪರೀಕ್ಷೆಯನ್ನೂ ಮುಗಿಸಿದ ನಂತರವೇ ಭಾರತೀಯ ಪರವಾನಗಿ ಪಡೆಯುತ್ತಾರೆ. ಪರೀಕ್ಷೆ ಇಲ್ಲದೆ ಅಂಕಪಟ್ಟಿ ಒದಗಿಸುವುದಾಗಿ ಹೇಳುವವರನ್ನು ದೂರವಿಡಬೇಕು. 2011ರಲ್ಲಿ ನಕಲಿ ಅಂಕಪಟ್ಟಿಗಳು ಪತ್ತೆಯಾದಾಗ ಪೈಲಟ್‌ಗಳ ಪರವಾನಗಿ ರದ್ದಾಗಿದ್ದಲ್ಲದೆ ಬಂಧನಗಳೂ ನಡೆದವು.

ವೆಚ್ಚ, ಸಾಲ ಮತ್ತು ಅಡಮಾನ

ದೇಶದಲ್ಲಿ ಸಿಪಿಎಲ್ ತರಬೇತಿಗೆ ಸಾಮಾನ್ಯವಾಗಿ 45 ಲಕ್ಷದಿಂದ 60 ಲಕ್ಷ ರೂಪಾಯಿ ಬೇಕಾಗುತ್ತದೆ. ಜೆಟ್ ವಿಮಾನವೊಂದರ ಟೈಪ್ ರೇಟಿಂಗ್ ಪಡೆಯಲು ಇದರ ಮೇಲೆ ಹಲವು ಲಕ್ಷಗಳಾಗುತ್ತವೆ. ಡಿಜಿಸಿಎ ಅನುಮೋದಿತ ಸಂಸ್ಥೆಗಳ ಅನುಮೋದಿತ ಹಾರಾಟ ತರಬೇತಿಗೆ ಜಿಎಸ್‌ಟಿ ವಿನಾಯಿತಿ ಇರುವುದಾಗಿ 2024ರ ಅಕ್ಟೋಬರ್‌ನಲ್ಲಿ ಕೇಂದ್ರವು ಸುತ್ತೋಲೆ ಹೊರಡಿಸಿದೆ, ರಸೀದಿಯಲ್ಲಿ ಶೇ. 18 ತೆರಿಗೆ ಸೇರಿಸಿದ್ದರೆ ಪ್ರಶ್ನಿಸುವ ಹಕ್ಕು ಪಾವತಿದಾರರಿಗಿದೆ.

ಬ್ಯಾಂಕುಗಳ ಶಿಕ್ಷಣ ಸಾಲ ಯೋಜನೆಯಲ್ಲಿ ಡಿಜಿಸಿಎ ಅನುಮೋದಿತ ಪೈಲಟ್ ತರಬೇತಿ ಸೇರಿದೆ. ಆದರೆ 7.5 ಲಕ್ಷ ಮೀರಿದ ಸಾಲಕ್ಕೆ ಸ್ಥಿರಾಸ್ತಿ ಭದ್ರತೆ ಕೇಳುವುದು ರೂಢಿ. ತೊಡಕು ಎದುರಾಗುವುದು ಇಲ್ಲಿಯೇ. ಗದ್ದೆ, ತೋಟ ಎಷ್ಟೇ ಇದ್ದರೂ, 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸದ ಕಾರಣ ಬ್ಯಾಂಕುಗಳು ಅದನ್ನು ಭದ್ರತೆಯಾಗಿ ಸ್ವೀಕರಿಸಲು ಹಿಂಜರಿಯುತ್ತವೆ. ಭೂಪರಿವರ್ತನೆಯಾದ ನಿವೇಶನ ಅಥವಾ ಮನೆಯನ್ನು ಅಪೇಕ್ಷಿಸುತ್ತವೆ. ಕುಟುಂಬದ ಆಸ್ತಿ ವಿಭಾಗವಾಗದೆ ಪಹಣಿಯಲ್ಲಿ ಹತ್ತಾರು ಹೆಸರುಗಳಿದ್ದಲ್ಲಿ, ಅದರಲ್ಲಿ ಕೆಲವರು ಮುಂಬಯಿ ಅಥವಾ ದುಬೈಯಲ್ಲಿದ್ದಲ್ಲಿ, ಎಲ್ಲರ ಸಹಿ ಸಂಗ್ರಹಿಸಲು ವರ್ಷವೇ ಕಳೆಯಬಹುದು. ವಿಭಾಗ ಪತ್ರದ ನೋಂದಣಿ, ಖಾತೆ ಬದಲಾವಣೆ ಮತ್ತು ಋಣಭಾರ ಪ್ರಮಾಣಪತ್ರ ಇವುಗಳನ್ನು ಮಗಳು ಪಿಯುಸಿಯಲ್ಲಿರುವಾಗಲೇ ಸರಿಪಡಿಸಿಕೊಳ್ಳಬೇಕು. 2018ರಲ್ಲಿ ಬ್ರಹ್ಮಾವರ ಮತ್ತು ಬೈಂದೂರು ಪ್ರತ್ಯೇಕ ತಾಲ್ಲೂಕುಗಳಾದುದರಿಂದ ಹಳೆಯ ದಾಖಲೆಗಳಲ್ಲಿ ಉಡುಪಿ ಅಥವಾ ಕುಂದಾಪುರ ತಾಲ್ಲೂಕು ಎಂದಿರುವುದು ಸಹಜ, ಅದು ದೋಷವಲ್ಲ.

ಸಾಲದ ಭಾರವನ್ನು ಅಂಕಿಗಳಲ್ಲಿ ನೋಡುವುದು ಉಚಿತ. 50 ಲಕ್ಷ ರೂಪಾಯಿಯನ್ನು ಶೇ. 10.5 ಬಡ್ಡಿಯಲ್ಲಿ 10 ವರ್ಷದಲ್ಲಿ ತೀರಿಸಬೇಕಾದರೆ ಮಾಸಿಕ ಕಂತು ಸುಮಾರು 67,500 ರೂಪಾಯಿ. 15 ವರ್ಷಕ್ಕಾದರೆ ಸುಮಾರು 55,300 ರೂಪಾಯಿ. ತರಬೇತಿ ಅವಧಿಯ ಬಡ್ಡಿಯನ್ನು ಆಗಾಗ ಕಟ್ಟದಿದ್ದರೆ ಅಸಲು ಇನ್ನೂ ಬೆಳೆಯುತ್ತದೆ. ವಿವಾಹಕ್ಕೆಂದು ತೆಗೆದಿಟ್ಟ ಚಿನ್ನವನ್ನು ಇದಕ್ಕೆ ಬಳಸುವುದೇ ಎಂಬ ಚರ್ಚೆ ಅನೇಕ ಮನೆಗಳಲ್ಲಿ ನಡೆಯುತ್ತದೆ. ಆ ತೀರ್ಮಾನ ಕುಟುಂಬದ್ದು. ಲೆಕ್ಕ ಮಾತ್ರ ಮಗಳ ಎದುರಿನಲ್ಲಿಯೇ ಆಗಲಿ, ಏಕೆಂದರೆ ಸಾಲದ ಅರ್ಜಿಯಲ್ಲಿ ಮೊದಲ ಸಹಿ ಅವಳದು.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮೊದಲ ಗುಂಪಿನ ಕೋರ್ಸುಗಳಲ್ಲಿ ವಾಣಿಜ್ಯ ಪೈಲಟ್ ತರಬೇತಿ ಸೇರಿರುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಪಡೆದು, ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾ ಕಚೇರಿಗಳಲ್ಲಿ ಪ್ರವೇಶಕ್ಕೆ ಮುನ್ನವೇ ವಿಚಾರಿಸತಕ್ಕದ್ದು.

ಉದ್ಯೋಗದ ಸ್ಥಿತಿಗತಿ

ಸಿಪಿಎಲ್ ಎಂಬುದು ಅರ್ಹತೆಯೇ ಹೊರತು ನೇಮಕಾತಿ ಆದೇಶವಲ್ಲ. 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಸೇವೆ ಆರಂಭವಾದ ನಂತರದ ವರ್ಷಗಳಲ್ಲಿ ಪೈಲಟ್‌ಗಳಿಗೆ ಬೇಡಿಕೆ ಏರಿತು. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದಾಗ ಅನುಭವಿ ಪೈಲಟ್‌ಗಳೇ ಕೆಲಸ ಹುಡುಕುವಂತಾಯಿತು. ಅಂತಹ ಸಮಯದಲ್ಲಿ 200 ಗಂಟೆಯ ಹೊಸಬರ ಸರದಿ ಕೊನೆಗೆ ಬರುತ್ತದೆ. ಪರವಾನಗಿಯ ನಂತರ ಎರಡು ವರ್ಷ ಕಾಯುವ ಶಕ್ತಿಯನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ವಿವೇಕ. ಆ ಅವಧಿಯಲ್ಲಿ ಬೋಧಕ ರೇಟಿಂಗ್ ಪಡೆದು ಕೆಲಸ ಮಾಡುವವರಿಗೆ ಗಂಟೆಗಳೂ ಸಂಬಳವೂ ದೊರೆಯುತ್ತವೆ. ಕೆಲಸ ಸಿಕ್ಕವರಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆಯ ಹಕ್ಕಿದೆ.

ಹಣದ ಅನುಕೂಲವಿಲ್ಲದವರಿಗೆ ವಾಯುಪಡೆಯ ದಾರಿಯಿದೆ. ಅಲ್ಲಿ ತರಬೇತಿ ಸರ್ಕಾರದ ಖರ್ಚಿನಲ್ಲಿ. ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ ಅವರು 2018ರಲ್ಲಿ ಯುದ್ಧವಿಮಾನ ವಿಭಾಗಕ್ಕೆ ನಿಯುಕ್ತರಾದರು. ಪದವೀಧರೆಯರು ಎಎಫ್‌ಕ್ಯಾಟ್ ಪರೀಕ್ಷೆಯ ಮೂಲಕವೂ, ಪಿಯುಸಿ ಮುಗಿಸಿದವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕವೂ ಪ್ರಯತ್ನಿಸಬಹುದು. ಅಕಾಡೆಮಿಗೆ ಮಹಿಳಾ ಕೆಡೆಟ್‌ಗಳ ಮೊದಲ ತಂಡ 2022ರಲ್ಲಿ ಸೇರಿತು. ಎತ್ತರ ಮತ್ತು ದೃಷ್ಟಿಯ ಮಾನದಂಡ ಅಲ್ಲಿ ಹೆಚ್ಚು ಕಟ್ಟುನಿಟ್ಟು. ಭೌತಶಾಸ್ತ್ರ, ಗಣಿತದೊಂದಿಗೆ ಬಿ.ಎಸ್ಸಿ. ಮಾಡಿದವರಿಗೆ ವಿಮಾನ ನಿಲ್ದಾಣ ಪ್ರಾಧಿಕಾರದ ವಾಯು ಸಂಚಾರ ನಿಯಂತ್ರಣ ಹುದ್ದೆಗಳೂ ಇವೆ.

ಅರ್ಜಿದಾರರು ಅನುಸರಿಸಬೇಕಾದ ಕ್ರಮ

ಹೆಸರಿನ ತಿದ್ದುಪಡಿ, ದ್ವಿತೀಯ ದರ್ಜೆಯ ವೈದ್ಯಕೀಯ ಪರೀಕ್ಷೆ, ಕಂಪ್ಯೂಟರ್ ಸಂಖ್ಯೆ, ಪ್ರಥಮ ದರ್ಜೆಯ ಪ್ರಮಾಣಪತ್ರ, ಕನಿಷ್ಠ ಎರಡು ಪತ್ರಿಕೆಗಳಲ್ಲಿ ತೇರ್ಗಡೆ, ಸಾಲದ ಮಂಜೂರಾತಿ ಪತ್ರ, ಕೊನೆಯಲ್ಲಿ ಸಂಸ್ಥೆಗೆ ಪ್ರವೇಶ: ಇದೇ ಅನುಕ್ರಮ. ಶುಲ್ಕವನ್ನು ಒಮ್ಮೆಗೇ ಪಾವತಿಸದೆ, ಹಾರಾಟದ ಗಂಟೆಗಳಿಗೆ ಅನುಗುಣವಾಗಿ ಕಂತುಗಳಲ್ಲಿ ಪಾವತಿಸುವ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಳ್ಳತಕ್ಕದ್ದು. ಪ್ರತಿ ಪಾವತಿಗೂ ರಸೀದಿ ಪಡೆದು, ಹಾರಾಟದ ಲಾಗ್ ಪುಸ್ತಕದ ನಕಲಿನೊಂದಿಗೆ ಮನೆಯಲ್ಲಿ ಕಾಯ್ದಿರಿಸತಕ್ಕದ್ದು.