ಹರಿದ ಸ್ವೆಟರ್‌ಗೆ ಅಜ್ಜಿ ಕೇಳಿದ ಪ್ರಶ್ನೆ

ಇವತ್ತಿನ ಸಂಚಿಕೆ ಒಂದು ಸ್ವೆಟರ್‌ನ ಕಥೆ. ಲಂಡನ್‌ನಿಂದ ಶುರುವಾಗಿ ನಮ್ಮ ಹಾವೇರಿ ತಾಲೂಕಿನ ಕರ್ಜಗಿಗೆ ಬಂದು ನಿಲ್ಲುತ್ತೆ.

ನಾನು ಫ್ಯಾಶನ್ ಡಿಸೈನ್ ವಿದ್ಯಾರ್ಥಿ. ಕೊನೇ ವರ್ಷದಲ್ಲಿ ಗಂಡಸರ ಹೆಣಿಗೆ ಉಡುಪುಗಳ ಒಂದು ಕಲೆಕ್ಷನ್ ಮಾಡಬೇಕಿತ್ತು. ನಾನು ಆರಿಸಿಕೊಂಡ ವಿಷಯ ಪಂಕ್. ಕಪ್ಪು ಸ್ವೆಟರ್ ಹೆಣೆದು, ಅಲ್ಲಲ್ಲಿ ಕುಣಿಕೆ ಬಿಚ್ಚಿ ತೂತು ಮಾಡಿ, ಪಿನ್ನು ಚುಚ್ಚಿ, ರಜೆಗೆ ಊರಿಗೆ ಬರುವಾಗ ಬ್ಯಾಗಿನಲ್ಲಿ ತಂದಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಪಿನ್ನುಗಳೆಲ್ಲ ಒಂದು ಬಟ್ಟಲಲ್ಲಿ, ತೂತುಗಳೆಲ್ಲ ಮಾಯ! ಅಜ್ಜಿ ಕಂಬಳಿ ನೂಲಿನಿಂದ ಒಂದೊಂದನ್ನೂ ಹೊಲಿದು ಮುಚ್ಚಿದ್ದಳು.

"ತಮ್ಮಾ, ಇಲಿ ಕಡದಿತ್ತು, ಹೊಲದೀನಿ ನೋಡು" ಅಂದಳು.

"ಅಜ್ಜಿ, ಅದು ಬೇಕಂತನ ಮಾಡಿದ್ದು."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹರಕ ಅಂಗಿ ಹಾಕ್ಕೊಂಡು ಹೋದ್ರ ನಮ್ಮನ್ನ ನೋಡಿ ಮಂದಿ ನಗತಿದ್ರು. ನೀವು ಬೇಕಂತ ಹರಕೊಂಡು ಹಾಕ್ಕೋತೀರೇನು?"

ನನ್ನ ಬಳಿ ಉತ್ತರ ಇರಲಿಲ್ಲ. ಆ ಉತ್ತರ ಹುಡುಕಿಕೊಂಡು ಹೊರಟಾಗ ಸಿಕ್ಕ ಇತಿಹಾಸವೇ ಇದು.

1970ರ ದಶಕದ ಬ್ರಿಟನ್. ಬೆಲೆ ಏರಿಕೆ, ನಿರುದ್ಯೋಗ. 1976ರಲ್ಲಿ ದೇಶವೇ ಐಎಂಎಫ್ ಹತ್ತಿರ ಸಾಲಕ್ಕೆ ಹೋಗಿತ್ತು. ಲಂಡನ್ನಿನ ಕಿಂಗ್ಸ್ ರೋಡ್, 430ನೇ ನಂಬರಿನಲ್ಲಿ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಮ್ ಮೆಕ್‌ಲಾರೆನ್ ಅವರ ಬಟ್ಟೆ ಅಂಗಡಿ. ಆ ವರ್ಷ ಅಂಗಡಿಗೆ ಅವರು ಇಟ್ಟ ಹೊಸ ಹೆಸರು 'ಸೆಡಿಷನರೀಸ್'. ಸೆಡಿಷನ್ ಅಂದ್ರೆ ರಾಜದ್ರೋಹ. ದಪ್ಪ ಸೂಜಿಯಲ್ಲಿ ಸಡಿಲವಾಗಿ ಹೆಣೆದ, ಒಳಗಿನ ಮೈ ಕಾಣುವಂಥ ಮೊಹೇರ್ ಸ್ವೆಟರ್‌ಗಳು ಅಲ್ಲಿ ಸಿಗುತ್ತಿದ್ದವು. ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನವರು ಇಂಥವನ್ನು ಹಾಕಿಕೊಂಡು ಹಾಡಿದರು. 1977ರಲ್ಲಿ, ರಾಣಿಯ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೇ ಬಂದ ಅವರ ಹಾಡನ್ನು ಬಿಬಿಸಿ ನಿಷೇಧಿಸಿತು.

ಆದರೆ ಆ ಅಂಗಡಿಯ ಬಟ್ಟೆ ದುಬಾರಿ. ಕೊಳ್ಳಲಾಗದ ಹುಡುಗರು ಮನೆಯ ಹಳೇ ಸ್ವೆಟರನ್ನೇ ಹರಿದು ಪಿನ್ನು ಚುಚ್ಚಿಕೊಂಡರು. ನನ್ನ ಪ್ರಕಾರ ನಿಜವಾದ ಪಂಕ್ ಅದು: ಕೈಯಲ್ಲಿರೋದರಲ್ಲೇ ಮಾಡಿಕೊಳ್ಳೋದು. ಇನ್ನೊಂದು ತಮಾಷೆ. ಅದೇ ವೆಸ್ಟ್‌ವುಡ್‌ಗೆ 2006ರಲ್ಲಿ 'ಡೇಮ್' ಬಿರುದು ಬಂತು. ದಂಗೆಗೂ ಬಿಲ್ಲೆ ಸಿಕ್ಕಿತು ಅನ್ನಿ.

ಹೆಣಿಗೆಗೂ ದಂಗೆಗೂ ನಂಟು ಇದಕ್ಕಿಂತ ಹಳೇದು. 1589ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆಯ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. 1811ರಲ್ಲಿ ಅದೇ ಸೀಮೆಯ ಹೆಣಿಗೆಗಾರರು ರಾತ್ರಿ ಹೊತ್ತು ಯಂತ್ರಗಳನ್ನು ಒಡೆಯತೊಡಗಿದರು. ಅವರೇ ಲುಡ್ಡೈಟರು. ಯಂತ್ರ ಅಂದರೇ ಆಗಲ್ಲ ಅಂತಲ್ಲ. ಕಳಪೆ ಮಾಲು ತೆಗೆದು ಕೂಲಿ ಇಳಿಸುವ ಮಾಲೀಕರ ಮೇಲೆ ಸಿಟ್ಟು. 1812ರಲ್ಲಿ ಸರ್ಕಾರ ಯಂತ್ರ ಒಡೆದವರಿಗೆ ಮರಣದಂಡನೆಯ ಕಾಯ್ದೆಯನ್ನೇ ತಂದಿತು. ಅದರ ವಿರುದ್ಧ ಸಂಸತ್ತಿನಲ್ಲಿ ಮಾತಾಡಿದವರಲ್ಲಿ ಕವಿ ಬೈರನ್ ಒಬ್ಬ.

ಇಷ್ಟು ಓದುವ ಹೊತ್ತಿಗೆ ನನಗೊಂದು ಯೋಚನೆ ಬಂತು. ಬಟ್ಟೆಯಿಂದಲೇ ಸರ್ಕಾರಕ್ಕೆ ಎದುರು ನಿಂತವರನ್ನು ನಾನು ಲಂಡನ್ನಿನಲ್ಲಿ ಯಾಕೆ ಹುಡುಕ್ತಿದೀನಿ?

ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. 1911ರಲ್ಲಿ ಹುಟ್ಟಿದವರು. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರಲ್ಲಿದ್ದ ಒಬ್ಬನೇ ಕನ್ನಡಿಗ; ಆಗ ವಯಸ್ಸು 18. ಅವರಿದ್ದ ಸಬರಮತಿ ಆಶ್ರಮದಲ್ಲಿ ನೂಲುವುದು ದಿನದ ನಿಯಮ. ಆ ಕಾಲದಲ್ಲಿ ಖಾದಿ ಅಂಗಿ ತೊಡುವುದೇ ಸರ್ಕಾರಕ್ಕೆ ಸವಾಲು. ಲಂಡನ್ನಿನಲ್ಲಿ 'ರಾಜದ್ರೋಹ' ಅನ್ನೋದು ಅಂಗಡಿ ಬೋರ್ಡಾಗೋಕೆ ಐವತ್ತು ವರ್ಷಕ್ಕೂ ಮುಂಚೆ, 1922ರಲ್ಲಿ, ಇಲ್ಲಿ ಅದೇ ಆರೋಪದ ಮೇಲೆ ಗಾಂಧೀಜಿಗೆ ಆರು ವರ್ಷ ಶಿಕ್ಷೆ ಆಗಿತ್ತು. ಮಹಾದೇವಪ್ಪ 1943ರ ಏಪ್ರಿಲ್ 1ರಂದು ನಮ್ಮ ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಅದು ಬಟ್ಟೆಯ ಇತಿಹಾಸವೂ ಹೌದು ಅಂತ ಆಗ ಹೊಳೆದಿರಲಿಲ್ಲ.

ಇನ್ನು ರಾಣೇಬೆನ್ನೂರು ತಾಲೂಕಿನ ದೇವರಗುಡ್ಡ. ದಸರೆ ಹೊತ್ತಿಗೆ ಅಲ್ಲಿ ಕಾರಣಿಕ. ಗೊರವಯ್ಯನ ವೇಷ ನೋಡಿ: ಮೈತುಂಬ ಕರಿ ಕಂಬಳಿಯ ನಿಲುವಂಗಿ, ತಲೆಗೆ ಕರಡಿ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ. ಎತ್ತರದ ಬಿಲ್ಲು ಏರಿ "ಸದ್ದಲೇ" ಅಂದರೆ ಸಾವಿರಾರು ಜನ ಗಪ್‌ಚುಪ್. ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಇದು ಪಂಕ್ ಅಂತ ನಾನು ಹೇಳ್ತಿಲ್ಲ, ಇದು ಭಕ್ತಿ. ಆದರೆ ಕುರಿ ಕಾಯೋರ ಬಟ್ಟೆ ಹಾಕಿಕೊಂಡು ಊರಿನ ದೊಡ್ಡವರನ್ನೆಲ್ಲ ಸುಮ್ಮನಾಗಿಸುವ ಶಕ್ತಿ ಇದೆಯಲ್ಲ, ಅದನ್ನು ನಾನು ಬೇರೆ ಯಾವ ರ‍್ಯಾಂಪ್ ಮೇಲೂ ನೋಡಿಲ್ಲ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲೆಸಿದ ಕನಕದಾಸರ ಚಿತ್ರದಲ್ಲೂ ಹೆಗಲ ಮೇಲೆ ಕಂಬಳಿ ಇದ್ದೇ ಇರುತ್ತೆ.

ಒಂದು ನಿಜ ಹೇಳಿಬಿಡ್ತೀನಿ. ಹಾಸ್ಟೆಲ್‌ಗೆ ಹೊರಟಾಗ ಅಜ್ಜಿ ಕೊಟ್ಟ ಕಂಬಳಿಯನ್ನು ನಾನು ಮೂರು ವರ್ಷ ಟ್ರಂಕಿನಿಂದ ಹೊರಗೇ ತೆಗೆದಿರಲಿಲ್ಲ. ವಾಸನೆ ಬರುತ್ತೆ, ರೂಮಿನವರು ನಗ್ತಾರೆ ಅಂತ. ಹರಕ ಅಂಗಿಗೆ ನಕ್ಕವರ ಹೆದರಿಕೆಯೇ ನನ್ನೊಳಗೂ ಇತ್ತು.

ಆ ಕಂಬಳಿ ಹೊರಗೆ ಬಂತು. ನಮ್ಮ ಕಡೆ ಕಂಬಳಿ ಡೆಕ್ಕನಿ ಕುರಿಯ ಉಣ್ಣೆಯದ್ದು. ಹೆಂಗಸರು ನೂಲುತ್ತಾರೆ, ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ, ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಈಗ ಮಾಂಸಕ್ಕೆ ಚೆನ್ನಾಗಿ ಬೆಳೆಯುವ, ಉಣ್ಣೆಯೇ ಇಲ್ಲದ ತಳಿಗಳು ಬಂದಿವೆ. ಎಷ್ಟೋ ಕಡೆ ಕತ್ತರಿಸಿದ ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟದೆ ಬಿಸಾಡುತ್ತಾರೆ.

ಆ ನೂಲನ್ನು ಹೆಣೆಯೋಕೆ ಹೊರಟೆ. ಕಾಲೇಜಿನ 12 ಗೇಜ್ ಯಂತ್ರದಲ್ಲಿ, ಅಂದರೆ ಒಂದು ಇಂಚಿಗೆ 12 ಸೂಜಿ ಇರೋದರಲ್ಲಿ, ಅದು ಹೋಗಲೇ ಇಲ್ಲ, ಸೂಜಿಗಳೇ ಬಾಗಿದವು. ಕೊನೆಗೆ ದಪ್ಪ ಸೂಜಿ ಹಿಡಿದು ಕೈಯಲ್ಲೇ ಹೆಣೆದೆ. ನೇಯ್ಗೆಯಲ್ಲಿ ಹಾಸು, ಹೊಕ್ಕು ಎರಡು ನೂಲು ಒಂದನ್ನೊಂದು ಹಿಡಿದಿರುತ್ತವೆ. ಹೆಣಿಗೆ ಒಂದೇ ಎಳೆ. ಒಂದು ಕುಣಿಕೆ ತಪ್ಪಿದರೆ ಸರಸರ ಬಿಚ್ಚಿಕೊಳ್ಳುತ್ತೆ. ಆದರೆ ಈ ಒರಟು ಉಣ್ಣೆ ಅಷ್ಟು ಸುಲಭಕ್ಕೆ ಬಿಚ್ಚಲ್ಲ, ಎಳೆಗೆ ಎಳೆ ಕಚ್ಚಿಕೊಂಡಿರುತ್ತೆ.

ನನ್ನ ಕಲೆಕ್ಷನ್‌ನಲ್ಲಿ ಹರಿದ ಸ್ವೆಟರ್ ಇರಲಿಲ್ಲ. ಹೊಲಿದ ಸ್ವೆಟರ್‌ಗಳಿದ್ದವು. ತೂತು ಇದ್ದಲ್ಲೆಲ್ಲ ಅಜ್ಜಿ ಹಾಕಿದಂಥ ಹೊಲಿಗೆ, ಮುಚ್ಚಿಡದೆ, ಎದ್ದು ಕಾಣುವ ಹಾಗೆ. ಪಿನ್ನು ಒಂದೂ ಇಲ್ಲ. ಹರಿಯುವುದು ಲಂಡನ್ ಹುಡುಗರ ಸಿಟ್ಟಾಗಿತ್ತು. ಬಿಸಾಡಲು ಒಪ್ಪದೆ ಹೊಲಿಯುವುದು ನಮ್ಮ ಮನೆಯ ಹಟ. ಅಜ್ಜಿಯ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಇಷ್ಟೇ.

ಮೊದಲ ಸ್ವೆಟರನ್ನು ಊರಿಗೆ ಒಯ್ದು ತೋರಿಸಿದೆ. ಅಜ್ಜಿ ಕೈಯಾಡಿಸಿ ನೋಡಿ, "ಚುಚ್ಚತೈತಿ" ಅಂದಳು. ಆಮೇಲೆ, "ಆದ್ರ ಥಂಡಿ ಹೋಕ್ಕತಿ" ಅಂದಳು. ಮಾರ್ಕ್ಸ್ ಕಾರ್ಡಿನಲ್ಲಿ ಬಂದದ್ದಕ್ಕಿಂತ ಅದು ಹೆಚ್ಚು.

ನಿಮ್ಮ ಮನೆ ಟ್ರಂಕಿನಲ್ಲೂ ಒಂದು ಕಂಬಳಿ ಇರಬಹುದು. ಈ ವಾರ ತೆಗೆದು ಬಿಸಿಲಿಗೆ ಹಾಕಿ. ನೂಲಿದವರು ಯಾರು ಅಂತ ಮನೆಯಲ್ಲಿ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.