ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕು: ದಾಖಲೆಯ ಒಂದು ಸಾಲಿಗೆ ಎಷ್ಟು ಬೆಲೆ?

ಬೆಂಗಳೂರು: ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ತೆರಳಿದ ರೋಗಿಯ ಹೊಲಿಗೆಯ ಜಾಗ ಕೆಲವೇ ದಿನಗಳಲ್ಲಿ ಕೆಂಪೇರಿ ಕೀವು ತುಂಬಿಕೊಳ್ಳುವುದುಂಟು. ವೈದ್ಯರಿಗೆ ಅದು ಚಿಕಿತ್ಸೆಯ ಪ್ರಶ್ನೆ. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಅದು ಬರವಣಿಗೆಯ ಪ್ರಶ್ನೆಯೂ ಹೌದು. ವಿಮೆಯ ಹಣ, ಆಸ್ಪತ್ರೆಯ ಸೋಂಕಿನ ಲೆಕ್ಕ, ಮುಂದೆ ನೋಡುವ ವೈದ್ಯರಿಗೆ ದೊರೆಯುವ ಮಾಹಿತಿ ಇವೆಲ್ಲವೂ ಆ ಬರವಣಿಗೆಯನ್ನೇ ಅವಲಂಬಿಸಿವೆ. ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಗೆ ಕೋಡ್ ನೀಡುವ ಮೆಡಿಕಲ್ ಕೋಡಿಂಗ್ ಉದ್ಯೋಗದಲ್ಲಿ ಬೆಂಗಳೂರಿನ ಅನೇಕ ಪದವೀಧರರು ತೊಡಗಿರುವುದರಿಂದ ವಿಷಯ ನಮಗೆ ದೂರದ್ದಲ್ಲ.

ಕೋಡ್‌ಗಳು ಯಾವುವು?

ಅಮೆರಿಕವು 2015ರ ಅಕ್ಟೋಬರ್ 1ರಿಂದ ಐಸಿಡಿ-10-ಸಿಎಂ ಪದ್ಧತಿಯನ್ನು ಅನುಸರಿಸುತ್ತಿದೆ. ಮೊದಲು ಇಂತಹ ಸೋಂಕಿಗೆಲ್ಲ ಟಿ81.4 ಎಂಬ ಒಂದೇ ಗುಂಪು ಇತ್ತು. 2018ರ ಅಕ್ಟೋಬರ್ 1ರಿಂದ ಅದನ್ನು ಸೋಂಕಿನ ಆಳಕ್ಕನುಗುಣವಾಗಿ ವಿಂಗಡಿಸಲಾಯಿತು.

* ಟಿ81.41: ಚರ್ಮ ಮತ್ತು ಅದರ ಕೆಳಪದರದ ಸೋಂಕು
* ಟಿ81.42: ಸ್ನಾಯು ಹಾಗೂ ಅದರ ಹೊದಿಕೆಯವರೆಗೆ ಇಳಿದ ಸೋಂಕು
* ಟಿ81.43: ಒಳ ಅಂಗ ಅಥವಾ ಅದರ ಸುತ್ತಲಿನ ಜಾಗದ ಸೋಂಕು
* ಟಿ81.44: ಶಸ್ತ್ರಚಿಕಿತ್ಸೆಯ ನಂತರದ ಸೆಪ್ಸಿಸ್
* ಟಿ81.49: ಇತರೆ, ಟಿ81.40: ವಿವರವಿಲ್ಲದ ಸೋಂಕು

ಸಿಸೇರಿಯನ್ ಗಾಯದ ಸೋಂಕು ಇಲ್ಲಿ ಬಾರದು, ಅದಕ್ಕೆ ಒ86.0 ಗುಂಪಿದೆ. ಕೃತಕ ಕೀಲಿನ ಸೋಂಕಿಗೆ ಟಿ84.5 ಬಳಸಬೇಕು.

ವೈದ್ಯರ ಮಾತೇ ಆಧಾರ

'ಗಾಯ ಕೆಂಪಾಗಿದೆ, ಕೀವಿದೆ' ಎಂದಷ್ಟೇ ಬರೆದಿದ್ದರೆ ಕೋಡರ್ ತಾನಾಗಿಯೇ ಅದನ್ನು ಶಸ್ತ್ರಚಿಕಿತ್ಸೆಯ ತೊಡಕೆಂದು ತೀರ್ಮಾನಿಸುವಂತಿಲ್ಲ. ಸೋಂಕಿಗೂ ಶಸ್ತ್ರಚಿಕಿತ್ಸೆಗೂ ಇರುವ ಸಂಬಂಧವನ್ನು ವೈದ್ಯರೇ ದಾಖಲಿಸಿರಬೇಕು. ಸಂದೇಹವಿದ್ದರೆ ಲಿಖಿತವಾಗಿ ಪ್ರಶ್ನಿಸುವುದು ಕೋಡರ್‌ನ ಕರ್ತವ್ಯ. ಆಳ ನಮೂದಾಗದಿದ್ದರೆ ಟಿ81.40 ಮಾತ್ರ ಉಳಿಯುತ್ತದೆ. ಹೊಟ್ಟೆಯೊಳಗಿನ ಬಾವು ಕೂಡ ಆಗ 'ವಿವರವಿಲ್ಲದ ಸೋಂಕು' ಆಗಿಬಿಡುತ್ತದೆ.

ಒಂದು ಉದಾಹರಣೆ: ಅಪೆಂಡಿಕ್ಸ್ ತೆಗೆಸಿಕೊಂಡ ರೋಗಿ 12ನೇ ದಿನ ಮರಳಿ ಬರುತ್ತಾರೆ. ಚರ್ಮದಡಿಯ ಕೀವು ತೆಗೆಯಲಾಗುತ್ತದೆ, ಕಲ್ಚರ್ ಪರೀಕ್ಷೆಯಲ್ಲಿ ಎಂಆರ್‌ಎಸ್‌ಎ ರೋಗಾಣು ಕಾಣುತ್ತದೆ. ಶಸ್ತ್ರಚಿಕಿತ್ಸೆಯಿಂದಾದ ಸೋಂಕೆಂದು ವೈದ್ಯರು ಬರೆದಿದ್ದರೆ ಟಿ81.41ಎಕ್ಸ್‌ಎ, ಜೊತೆಗೆ ರೋಗಾಣುವಿಗೆ ಬಿ95.62 ಕೊಡಬೇಕು. ಎರಡನೇ ಭೇಟಿಯೆಂದು ಕೊನೆಯಲ್ಲಿ 'ಡಿ' ಬರೆಯುವುದು ತಪ್ಪು. ಸೋಂಕಿಗೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವಾಗ 'ಎ' ಅಕ್ಷರವೇ ಸರಿ. ಸೆಪ್ಸಿಸ್ ಉಂಟಾದರೆ ಮೊದಲು ಗಾಯದ ಕೋಡ್, ನಂತರ ಟಿ81.44, ಬಳಿಕ ಸೆಪ್ಸಿಸ್‌ನ ಕೋಡ್ ಎಂಬುದು ಕ್ರಮ.

ಎರಡು ಲೆಕ್ಕ, ಎರಡು ನಿಯಮ

ಬಿಲ್ಲಿನ ಕೋಡ್ ಬೇರೆ, ಸೋಂಕಿನ ನಿಗಾ ಬೇರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ, ಶಸ್ತ್ರಚಿಕಿತ್ಸೆಯ ಬಗೆಯನ್ನು ನೋಡಿ 30 ಅಥವಾ 90 ದಿನಗಳ ನಿಗಾ ಅವಧಿಯನ್ನು ನಿಗದಿಪಡಿಸಿದೆ. ಕೋಡಿಂಗ್‌ಗೆ ಇಂತಹ ಗಡುವಿಲ್ಲ. ಹೊಲಿಗೆಯ ಬಿಂದುವಿನಲ್ಲಷ್ಟೇ ಆಗುವ ಕೀವುಗುಳ್ಳೆಯನ್ನು ಸಿಡಿಸಿ ಸೋಂಕೆಂದು ಎಣಿಸುವುದಿಲ್ಲ. ಆದರೆ ಕೋಡ್ ಪುಸ್ತಕದಲ್ಲಿ ಅದು ಟಿ81.41ರ ಅಡಿಯಲ್ಲೇ ಇದೆ. ಒಂದರ ಅಂಕಿಯನ್ನು ಇನ್ನೊಂದರೊಡನೆ ಹೋಲಿಸಿ ಆಸ್ಪತ್ರೆಯನ್ನು ದೂರುವುದು ಅಥವಾ ಹೊಗಳುವುದು ಸರಿಯಲ್ಲ.

ಹಣದ ಪ್ರಶ್ನೆ

ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್, ಆಸ್ಪತ್ರೆಯಲ್ಲೇ ಉಂಟಾದ ಕೆಲವು ತೊಡಕುಗಳಿಗೆ ಹೆಚ್ಚುವರಿ ಹಣ ನೀಡುವುದನ್ನು 2008ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಹೃದಯದ ಬೈಪಾಸ್ ನಂತರ ಎದೆಯೊಳಗೆ ಆಗುವ ಸೋಂಕು ಇವುಗಳಲ್ಲಿ ಒಂದು. ಹೀಗಾಗಿ ದಾಖಲಾದಾಗಲೇ ಸೋಂಕು ಇತ್ತೇ, ಇಲ್ಲವೇ ಎಂಬ ನಮೂದು ನಿರ್ಣಾಯಕ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ 90 ದಿನಗಳಲ್ಲಿ ತೊಡಕಿನ ಆರೈಕೆಗೆ ಅದೇ ಶಸ್ತ್ರವೈದ್ಯರಿಗೆ ಪ್ರತ್ಯೇಕ ಶುಲ್ಕವಿಲ್ಲ. ರೋಗಿಯನ್ನು ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದರೆ ಮಾತ್ರ 78 ಎಂಬ ಗುರುತಿನೊಂದಿಗೆ ಬಿಲ್ ಸಲ್ಲಿಸಬಹುದು.

ಲಾಭಕ್ಕಾಗಿ ಸೋಂಕನ್ನು ಮರೆಮಾಚುವುದೂ ಹಿಗ್ಗಿಸುವುದೂ ಸಮಾನ ಅಪರಾಧ. ಎರಡರಿಂದಲೂ ನಷ್ಟ ರೋಗಿಗೇ. ಯಾವ ದೇಶದಲ್ಲೇ ಆಗಲಿ, ಶಸ್ತ್ರಚಿಕಿತ್ಸೆಯ ದಿನಾಂಕ, ಸೋಂಕಿನ ಆಳ, ಕಲ್ಚರ್ ವರದಿ, ನೀಡಿದ ಔಷಧ ಇಷ್ಟೂ ಡಿಸ್ಚಾರ್ಜ್ ಸಾರಾಂಶದಲ್ಲಿ ಇವೆಯೇ ಎಂದು ನೋಡಿಕೊಂಡು, ಪ್ರತಿಯೊಂದನ್ನು ಜೋಪಾನವಾಗಿಡುವುದು ಲೇಸು.