ಬಿದಿರುಮೆಳೆಯ ಕರಿಬೆಕ್ಕು: ಕನೆಟೊ ಶಿಂಡೊ ಅವರ ಸೇಡಿನ ಸಿನಿಮಾ

‘ಕುರೊನೆಕೊ’ 1968ರಲ್ಲಿ ತೆರೆಕಂಡ ಜಪಾನೀ ಕಪ್ಪು-ಬಿಳುಪು ಚಿತ್ರ. ಪೂರ್ಣ ಹೆಸರು ‘ಯಾಬು ನೊ ನಾಕಾ ನೊ ಕುರೊನೆಕೊ’, ಅಂದರೆ ಬಿದಿರುಮೆಳೆಯೊಳಗಿನ ಕರಿಬೆಕ್ಕು. ಬರೆದು ನಿರ್ದೇಶಿಸಿದವರು ಕನೆಟೊ ಶಿಂಡೊ. ದೆವ್ವದ ಸಿನಿಮಾಗಳ ಸಾಲಿನಲ್ಲಿ ಇದನ್ನು ಇಡುವುದು ವಾಡಿಕೆ. ಆದರೆ ಎದೆ ನಡುಗಿಸುವ ದೃಶ್ಯ ಇದರಲ್ಲಿ ದೆವ್ವಗಳು ಹುಟ್ಟುವ ಮೊದಲೇ ಬಂದುಹೋಗುತ್ತದೆ.

ಕಥೆ

ಹೇಯಾನ್ ಕಾಲದ ಯುದ್ಧದ ದಿನಗಳು. ಬಿದಿರುಮೆಳೆಯ ಅಂಚಿನ ಗುಡಿಸಲಿನಲ್ಲಿ ಅತ್ತೆ ಯೋನೆ, ಸೊಸೆ ಶಿಗೆ ಇಬ್ಬರೇ ಇದ್ದಾರೆ. ಮನೆಯ ಮಗನನ್ನು ಯುದ್ಧಕ್ಕೆ ಎಳೆದೊಯ್ದಿದ್ದಾರೆ. ಹಸಿದ ಸಮುರಾಯ್ ಸೈನಿಕರ ಗುಂಪೊಂದು ಒಳನುಗ್ಗಿ ಅನ್ನ ಕಸಿದು ತಿನ್ನುತ್ತದೆ. ಇಬ್ಬರ ಮೇಲೂ ಅತ್ಯಾಚಾರವೆಸಗಿ, ಕೊಂದು, ಮನೆಗೆ ಬೆಂಕಿಯಿಟ್ಟು ಹೊರಡುತ್ತದೆ. ಇಡೀ ಪ್ರಸಂಗ ಹೆಚ್ಚುಕಡಿಮೆ ಮಾತೇ ಇಲ್ಲದೆ ಸಾಗುತ್ತದೆ. ಬೂದಿಯಲ್ಲಿ ಬಿದ್ದ ಹೆಣಗಳನ್ನು ಕರಿಬೆಕ್ಕೊಂದು ನೆಕ್ಕುತ್ತದೆ.

ಆಮೇಲೆ ರಾತ್ರಿಹೊತ್ತು ರಾಜೋಮೊನ್ ಹೆಬ್ಬಾಗಿಲ ಬಳಿ ಒಂಟಿ ಹೆಣ್ಣೊಬ್ಬಳು ಕಾಣಿಸಿಕೊಂಡು, ದಾರಿಹೋಕ ಸಮುರಾಯ್‌ಗಳನ್ನು ಜೊತೆಗೆ ಬರುವಂತೆ ಕೇಳುತ್ತಾಳೆ. ಮನೆಗೆ ಬಂದವನಿಗೆ ಅತ್ತೆ ಸಾಕೆ ಮದ್ಯ ಬಡಿಸುತ್ತಾಳೆ, ಸೊಸೆ ಗಂಟಲು ಸೀಳುತ್ತಾಳೆ. ಸಮುರಾಯ್‌ಗಳೆಲ್ಲರ ರಕ್ತ ಕುಡಿಯುವುದಾಗಿ ಕೆಟ್ಟ ದೈವಗಳಿಗೆ ಮಾತು ಕೊಟ್ಟು ಅವರಿಬ್ಬರೂ ಮರಳಿ ಬಂದಿದ್ದಾರೆ.

‘ಎಲ್ಲರ’ ಎಂಬ ಆ ಒಂದು ಮಾತಿನಲ್ಲೇ ದುರಂತವಿದೆ. ಯುದ್ಧಕ್ಕೆ ಹೋದ ರೈತಮಗ ಗಿಂಟೊಕಿ ಶತ್ರುನಾಯಕನನ್ನು ಕೊಂದು, ಸಮುರಾಯ್ ಪದವಿ ಪಡೆದು ಮರಳುತ್ತಾನೆ. ಮೆಳೆಯ ಪಿಶಾಚಿಗಳನ್ನು ಕೊಲ್ಲುವಂತೆ ಅವನ ಒಡೆಯ ರೈಕೊ ಅವನಿಗೇ ಅಪ್ಪಣೆ ಕೊಡುತ್ತಾನೆ. ಶಿಗೆ ಗಂಡನನ್ನು ಕೊಲ್ಲಲಾರಳು. ಆಣೆ ಮುರಿದು ಏಳು ರಾತ್ರಿ ಅವನೊಂದಿಗೆ ಕಳೆದು, ಅದರ ಬೆಲೆಯಾಗಿ ನರಕಕ್ಕೆ ಹೋಗುತ್ತಾಳೆ. ಉಳಿಯುವವರು ತಾಯಿ ಮತ್ತು ಮಗ. ಇಂಥ ಇಕ್ಕಟ್ಟನ್ನು ಕಟ್ಟಿದ ಸೇಡಿನ ಕಥೆಗಳು ಸಿನಿಮಾದಲ್ಲಿ ತೀರ ಕಡಿಮೆ.

ಜಾನಪದ ಮತ್ತು ರಂಗಭೂಮಿ

ಮನುಷ್ಯರೂಪ ತಾಳುವ ಮಾಯಾಬೆಕ್ಕು, ‘ಬಾಕೆನೆಕೊ’, ಜಪಾನಿನ ಜನಪದ ಕಥೆಗಳಲ್ಲಿ ಹಳೆಯದು. ಇಂಥ ಬೆಕ್ಕುಗಳ ಸಿನಿಮಾಗಳ ಪರಂಪರೆಯೇ ಅಲ್ಲಿದೆ. ಮಗ ಕತ್ತರಿಸಿದ ತನ್ನ ತೋಳನ್ನು ತಾಯಿಪಿಶಾಚಿ ವೇಷ ಮರೆಸಿಕೊಂಡು ಬಂದು ಕೊಂಡೊಯ್ಯುವ ಪ್ರಸಂಗದ ಮೂಲ, ರೈಕೊನ ಬಂಟ ವತಾನಬೆ ನೊ ತ್ಸುನಾನ ದಂತಕಥೆ. ನೋ ಮತ್ತು ಕಬುಕಿ ರಂಗಭೂಮಿಗಳ ಛಾಯೆ ಚಲನೆಯಲ್ಲೂ ಬೆಳಕಿನಲ್ಲೂ ದಟ್ಟವಾಗಿದೆ. ಗಿಂಟೊಕಿಯಾಗಿ ನಟಿಸಿದ ನಕಮುರಾ ಕಿಚಿಯೆಮೊನ್ ಕಬುಕಿ ಕಲಾವಿದರೇ. ಛಾಯಾಗ್ರಾಹಕ ಕಿಯೋಮಿ ಕುರೋದಾ ಅವರ ಕತ್ತಲೆ ಬರೀ ಕಪ್ಪಲ್ಲ. ಅದರಲ್ಲಿ ಮಂಜು, ಬಿದಿರು, ಬಿಳಿ ಬಟ್ಟೆ ಒಂದೊಂದೂ ಬೇರೆಬೇರೆಯಾಗಿ ಕಾಣುತ್ತವೆ. ಸಂಗೀತ ಹಿಕಾರು ಹಯಾಶಿ ಅವರದು.

1968ರ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಈ ಚಿತ್ರ ಆಯ್ಕೆಯಾಗಿತ್ತು. ಫ್ರಾನ್ಸಿನ ಮೇ ಚಳವಳಿಯಿಂದಾಗಿ ಉತ್ಸವ ಅರ್ಧಕ್ಕೇ ನಿಂತಿತು.

ನಿರ್ದೇಶಕನ ಹಾದಿ

ಶಿಂಡೊ ಹುಟ್ಟಿದ್ದು 1912ರಲ್ಲಿ, ಹಿರೊಶಿಮಾ ಪ್ರಾಂತ್ಯದಲ್ಲಿ. ತಂದೆ ಸಾಲಕ್ಕೆ ಜಾಮೀನು ನಿಂತು ಆಸ್ತಿ ಕಳೆದುಕೊಂಡರು. ಫಿಲ್ಮ್ ಸಂಸ್ಕರಣೆಯ ಕೆಲಸದಿಂದ ಚಿತ್ರರಂಗಕ್ಕೆ ಬಂದ ಶಿಂಡೊ, ನಿರ್ದೇಶಕ ಕೆಂಜಿ ಮಿಜೊಗುಚಿ ಅವರ ಬಳಿ ಪಳಗಿ ಚಿತ್ರಕಥೆಗಾರರಾದರು. 1944ರಲ್ಲಿ ನೌಕಾಪಡೆಗೆ ಕರೆ ಬಂತು. ಅವರ ತುಕಡಿಯ 100 ಮಂದಿಯಲ್ಲಿ ಯುದ್ಧ ಮುಗಿದಾಗ ಬದುಕಿದ್ದವರು ಆರೇ ಜನ.

1950ರಲ್ಲಿ ನಿರ್ದೇಶಕ ಕೊಜಾಬುರೊ ಯೊಶಿಮುರಾ, ನಟ ತೈಜಿ ತೊನೊಯಾಮಾ ಅವರೊಡನೆ ಸ್ವತಂತ್ರ ನಿರ್ಮಾಣ ಸಂಸ್ಥೆ ಕಟ್ಟಿದರು. ಮರುವರ್ಷ, ಹಿಂದೆಯೇ ತೀರಿಹೋಗಿದ್ದ ಮೊದಲ ಹೆಂಡತಿಯ ನೆನಪಿನ ಚಿತ್ರದಿಂದ ನಿರ್ದೇಶಕರಾದರು. 1952ರ ‘ಹಿರೊಶಿಮಾದ ಮಕ್ಕಳು’ ಅಣುಬಾಂಬಿನ ಗಾಯವನ್ನು ನೇರವಾಗಿ ತೋರಿಸಿತು. ಸಂಸ್ಥೆ ಮುಳುಗುವ ಹಂತದಲ್ಲಿದ್ದಾಗ, 1960ರಲ್ಲಿ, ನಡುಗಡ್ಡೆಯೊಂದಕ್ಕೆ ನೀರು ಹೊರುವ ಬಡ ಕುಟುಂಬದ ಮಾತಿಲ್ಲದ ಕಥೆ ‘ನಗ್ನ ದ್ವೀಪ’ವನ್ನು ಅಲ್ಪ ಹಣದಲ್ಲಿ ಚಿತ್ರೀಕರಿಸಿದರು. ಮರುವರ್ಷ ಮಾಸ್ಕೊ ಉತ್ಸವದ ಗ್ರ್ಯಾಂಡ್ ಪ್ರಿಕ್ಸ್ ಅದಕ್ಕೆ ಸಂದಿತು, ಸಂಸ್ಥೆ ಉಳಿಯಿತು. 1964ರ ‘ಒನಿಬಾಬಾ’ದಲ್ಲೂ ಯುದ್ಧದ ನಡುವೆ ಹೊಟ್ಟೆ ಹೊರೆಯಲು ಹೆಣಗುವ ಅತ್ತೆ-ಸೊಸೆಯರೇ ಇದ್ದಾರೆ. ಅದನ್ನೂ ‘ಕುರೊನೆಕೊ’ವನ್ನೂ ಒಟ್ಟಿಗೆ ನೋಡಬೇಕು.

ನೊಬುಕೊ ಒಟೊವಾ

‘ಕುರೊನೆಕೊ’ದ ಯೋನೆ, ‘ಒನಿಬಾಬಾ’ದ ಅತ್ತೆ, ನೀರು ಹೊರುವ ‘ನಗ್ನ ದ್ವೀಪ’ದ ತಾಯಿ, ಮೂವರೂ ಒಬ್ಬರೇ ನಟಿ: ನೊಬುಕೊ ಒಟೊವಾ. ಶಿಂಡೊ ಅವರನ್ನು 1978ರಲ್ಲಿ ಮದುವೆಯಾದ ಒಟೊವಾ 1994ರಲ್ಲಿ ತೀರಿಕೊಂಡರು. ಅವರನ್ನು ಬಿಟ್ಟು ಶಿಂಡೊ ಅವರ ಸಿನಿಮಾಗಳ ಬಗ್ಗೆ ಮಾತಾಡಲಾಗದು.

ಕೊನೆಯ ಚಿತ್ರ

ತಮ್ಮ ನೌಕಾಪಡೆಯ ತುಕಡಿಯಲ್ಲಿ ಬದುಕುಳಿದ ಆರು ಜನರ ನೆನಪನ್ನು ಶಿಂಡೊ 98ನೆಯ ವಯಸ್ಸಿನಲ್ಲಿ ‘ಪೋಸ್ಟ್‌ಕಾರ್ಡ್’ ಚಿತ್ರವಾಗಿಸಿದರು. ಅದೂ ಗಂಡ ಯುದ್ಧಕ್ಕೆ ಹೋದಮೇಲೆ ಹಳ್ಳಿಯ ಮನೆಯಲ್ಲಿ ಉಳಿದ ಹೆಣ್ಣಿನ ಕಥೆಯೇ. 2012ರ ಮೇ 29ರಂದು, ನೂರು ತುಂಬಿದ ತಿಂಗಳೊಪ್ಪತ್ತಿನಲ್ಲಿ, ಅವರು ತೀರಿಕೊಂಡರು.